ಚಾಟ್‌ಬಾಟ್‌ಗೆ ನಮ್ಮ ಕಡಿ ಮನಿ ಹೆಂಗ ತಿಳಿಸಿ ಹೇಳೋದು? ಇಂಟೀರಿಯರ್ ಕೆಲಸದವ್ರು ಸ್ವಲ್ಪ ಹೇಳ್ರಿ

ಸೇಡಂ ರೋಡ್ ಸ್ಟುಡಿಯೊ:
ಎಲ್ಲರಿಗೂ ಶರಣ್ರಿ. ಕಲಬುರಗಿಯಾಗ ಮೂರು ವರ್ಷದಿಂದ ಇಂಟೀರಿಯರ್ ಕೆಲಸ ಮಾಡ್ಲಕತ್ತೀನಿ. ಹೋದ ವರ್ಷದಿಂದ ಚಾಟ್‌ಜಿಪಿಟಿ, ಜೆಮಿನೈ ಎರಡೂ ಬಳಸ್ತೀನಿ. ಕೊಟೇಶನ್ ಬರಿಲಿಕ್ಕ, ಗಿರಾಕಿಗೆ ಪತ್ರ ಬರಿಲಿಕ್ಕ ಭಾಳ ಅನುಕೂಲ ಆಗ್ಯದ. ಆದ್ರ ಡಿಸೈನ್ ಕೇಳಿದ್ರ ಯಾವುದೋ ಊರಿನ ಮನಿ ತಂದು ನನ್ನ ಮುಂದ ಇಡ್ತದ.

ಹೋದ ವಾರದ ಮಾತು ಹೇಳ್ತೀನಿ. ಜೇವರ್ಗಿ ರೋಡ್ ಕಡಿ 30 ಬೈ 40 ಸೈಟು, ಎರಡು ಬೆಡ್‌ರೂಮು, ಮನ್ಯಾಗ ಏಳು ಮಂದಿ, ಹಾಲ್‌ನ ದೊಡ್ಡ ಗೋಡಿ ಪಶ್ಚಿಮಕ್ಕ. ನಾನು ಬರ್ದದ್ದು ಇಷ್ಟೇ: "ಎರಡು ಬೆಡ್‌ರೂಮಿನ ಭಾರತೀಯ ಮನಿಗೆ ಮಾಡರ್ನ್ ಹಾಲ್ ಮತ್ತು ಅಡಿಗಿ ಮನಿ ಡಿಸೈನ್ ಕೊಡು." ಬಂದದ್ದು ಏನು? ಪಶ್ಚಿಮದ ಗೋಡಿ ತುಂಬ ಗಾಜು, ಕೆನೆ ಬಣ್ಣದ ಸೋಫಾ, ನೆಲಕ್ಕ ದಪ್ಪ ಕಾರ್ಪೆಟ್, ಓಪನ್ ಕಿಚನ್, ನಡುವ ಐಲ್ಯಾಂಡ್ ಅನ್ನೋ ಒಂಟಿ ಕಟ್ಟಿ. ಚಿತ್ರ ಭಾಳ ಛಂದ ಇದ್ದವು. ಹಂಗೇ ಒಯ್ದು ತೋರಿಸ್ದೆ. ಮನಿ ಅಜ್ಜಿ ಕನ್ನಡಕ ಹಾಕ್ಕೊಂಡು ಎಲ್ಲಾ ನೋಡಿ, "ಛಲೋ ಅದವ್ವ, ರೊಟ್ಟಿ ಎಲ್ಲಿ ಬಡಿಬೇಕು?" ಅಂದ್ರು. ನನ್ನ ಕಡಿ ಉತ್ತರ ಇರ್ಲಿಲ್ಲ. ಆ ಪ್ರಶ್ನಿ ನಾನೇ ಮೊದಲು ಕೇಳಬೇಕಿತ್ತು.

ನೀವು ಪ್ರಾಂಪ್ಟ್, ಅಂದ್ರ ಚಾಟ್‌ಬಾಟ್‌ಗೆ ಬರ್ದು ಕೊಡೋ ಮಾತು, ಹೆಂಗ ಬರಿತೀರಿ? ನಮ್ಮ ಬಿಸಿಲು, ನಮ್ಮ ಅಡಿಗಿ, ನಮ್ಮ ಕಲ್ಲು ಇವೆಲ್ಲಾ ಅದ್ರಾಗ ಬರೋ ಹಂಗ ಯಾರರೆ ಮಾಡೀರೇನು?

ಫರ್ಸಿ ಅಂಗಡಿ ಶಹಾಬಾದ:
ಅಕ್ಕಾವ್ರೆ, ನನಗೂ ಇದೇ ನೋವು ಅದ. ಗಿರಾಕಿ ಬರ್ತಾರ, ಫೋನ್ ತೋರಿಸ್ತಾರ, ನೆಲಕ್ಕ ಇಟಾಲಿಯನ್ ಮಾರ್ಬಲ್. ನಮ್ಮ ಮಗ್ಗಲಾಗೇ ಶಹಾಬಾದ ಕಲ್ಲು ತೆಗಿತಾರ, ಬ್ಯಾಸಗ್ಯಾಗ ಬರಿಗಾಲಲೆ ನಡದ್ರ ಜೀವ ತಂಪಾಗ್ತದ. ಅದರ ಹೆಸರೇ ಚಿತ್ರದಾಗ ಬರಂಗಿಲ್ಲ.

ಇನ್ನೊಂದು ಹೇಳಬೇಕು. ನಮ್ಮ ಕಡಿ ಫರ್ಸಿ (ನೆಲಕ್ಕ ಹಾಸೋ ಕಲ್ಲು) ತಗೊಂಡ ಒಬ್ಬರು ನೆಲದ ಮ್ಯಾಲಿನ ಬಿಳಿ ಕಲಿ ತೆಗಿಯೋದು ಹೆಂಗ ಅಂತ ಚಾಟ್‌ಬಾಟ್‌ಗೆ ಕೇಳ್ಯಾರ. ಬರೇ "ನೆಲದ ಟೈಲ್ಸ್" ಅಂತ ಬರ್ದಾರ. ಅದು ವಿನೆಗರ್ ಹಚ್ಚಿ ತಿಕ್ಕರಿ ಅಂತ ಹೇಳ್ಯದ. ಶಹಾಬಾದ ಕಲ್ಲಂದ್ರ ಸುಣ್ಣದ ಕಲ್ಲು ರೀ. ಹುಳಿ ಬಿತ್ತಂದ್ರ ನೊರಿ ಬರ್ತದ, ಪಾಲಿಶ್ ಕಿತ್ತು ಹೋಗ್ತದ. ಪೂರಾ ಹಾಲ್ ಮತ್ತ ಪಾಲಿಶ್ ಹೊಡಿಸಬೇಕಾಯ್ತು. ಅದಕ್ಕ ಕೇಳುವಾಗ ಕಲ್ಲಿನ ಹೆಸರು, ಜಾತಿ, ಪಾಲಿಶ್ ಆಗ್ಯದೋ ಇಲ್ಲೋ, ಎಲ್ಲಾ ಬರಿರಿ.

ಬಡಿಗತನ ಚಿತ್ತಾಪುರ:
ಇಷ್ಟೆಲ್ಲಾ ಬರಿಯೋ ಹೊತ್ತಿಗೆ ನಾ ಮನಿಗೆ ಹೋಗಿ ಟೇಪ್ ಹಿಡದು, ಚಾ ಕುಡದು ಬಂದಿರ್ತೀನಿ.

ಆಳಂದದವ, ಸದ್ಯ ಬೆಂಗಳೂರು:
ಅಣ್ಣಾ, ಟೇಪ್ ಹಿಡಿಯೋದು ಬಿಡಬ್ಯಾಡ್ರಿ. ಆ ಟೇಪಿನ ಲೆಕ್ಕಾನೇ ಪ್ರಾಂಪ್ಟಿನಾಗ ಹಾಕಬೇಕು. ಇಲ್ಲಿ ಮಂದಿ ತಪ್ಪೋದು ಅಲ್ಲೇ. ನಾನು ಸಾಫ್ಟ್‌ವೇರ್ ಕೆಲಸದವ, ಊರಾಗ ನಮ್ಮ ಅಪ್ಪನ ಮನಿ ರಿಪೇರಿಗೆ ಇದನ್ನ ಬಳಸೀನಿ. ನನಗ ಛಲೋ ಆದದ್ದು ಒಂದೇ ಉಪಾಯ: ಮೊದಲನೇ ಮಾತಿಗೇ ಡಿಸೈನ್ ಕೇಳಬಾರದು, ಅದರ ಕಡಿಂದ ಪ್ರಶ್ನಿ ಕೇಳಿಸಬೇಕು. ನಾ ಬರ್ದದ್ದು ಇದು, ಬೇಕಾದವ್ರು ತಗೊಳ್ರಿ:

"ನೀನು ಉತ್ತರ ಕರ್ನಾಟಕದ ಬಿಸಿಲು ಊರಾಗ ಕೆಲಸ ಮಾಡೋ ಒಳಾಂಗಣ ವಿನ್ಯಾಸಕ. ಊರು ಕಲಬುರಗಿ ಜಿಲ್ಲಾ, ಮೇ ತಿಂಗಳಾಗ ಬಿಸಿಲು 40 ಡಿಗ್ರಿ ದಾಟ್ತದ. ಹಾಲ್ 14 ಅಡಿ ಬೈ 11 ಅಡಿ, ಎತ್ತರ 10 ಅಡಿ. ಉತ್ತರ ದಿಕ್ಕು ಬಾಗಲದ ಎಡಕ್ಕ. ಪಶ್ಚಿಮ ಗೋಡಿಗೆ ಒಂದು ಕಿಟಕಿ, 4 ಅಡಿ ಬೈ 4 ಅಡಿ. ಗೋಡಿ, ಕಿಟಕಿ, ಬಾಗಲ ಯಾವುದೂ ಸರಿಸಬ್ಯಾಡ. ಈಗೇ ಡಿಸೈನ್ ಹೇಳಬ್ಯಾಡ. ಈ ಮನ್ಯಾಗ ಇರೋ ಮಂದಿ ಬಗ್ಗೆ, ಅವರ ದಿನದ ಕೆಲಸದ ಬಗ್ಗೆ ಮೊದಲು ಹತ್ತು ಪ್ರಶ್ನಿ ಕೇಳು, ಒಂದೊಂದೇ. ನನ್ನ ಉತ್ತರ ಬಂದ ಮ್ಯಾಲ ಮುಂದಿಂದು ಕೇಳು."

ಕಡೀ ಎರಡು ಸಾಲಿನಿಂದನೇ ಕೆಲಸ ಬದಲಾಯ್ತು. "ಅಡಿಗಿ ಕುಂತು ಮಾಡ್ತಾರೋ ನಿಂತು ಮಾಡ್ತಾರೋ" ಅಂತ ಅದೇ ಕೇಳ್ತು. ನಮ್ಮವ್ವ ಮೊಣಕಾಲು ನೋವಿನವ್ರು, ಆ ಪ್ರಶ್ನಿ ನನಗ ಹೊಳೆದಿರ್ಲಿಲ್ಲ.

ಸೇಡಂ ರೋಡ್ ಸ್ಟುಡಿಯೊ:
ಅಣ್ಣಾ, ಇದು ಭಾಳ ಉಪಯೋಗ ಆಯ್ತು. ಇವತ್ತೇ ನೋಡ್ತೀನಿ.

ಡಿಪ್ಲೊಮಾ ಎರಡನೇ ವರ್ಷ:
ಕನ್ನಡದಾಗ ಬರೆದ್ರ ಅದಕ್ಕ ತಿಳಿತದೇನು? ನಾನು ಇಂಗ್ಲಿಷ್‌ನಾಗೇ ಬರಿತೀನಿ, ಬರಿಲಿಕ್ಕ ಆಗಲಾರದೆ ಅರ್ಧ ಮಾತು ಬಿಟ್ಟೇ ಹೋಗ್ತಾವ.

ಆಳಂದದವ, ಸದ್ಯ ಬೆಂಗಳೂರು:
ತಿಳಿತದ ತಂಗಿ. ನಮ್ಮ ಆಡುಮಾತು ಕೆಲವು ಕಡಿ ತಪ್ಪು ತಿಳ್ಕೊಂತದ, ಪುಸ್ತಕದ ಕನ್ನಡ ಬರೋಬ್ಬರಿ ತಿಳಿತದ. ಒಂದು ಕೆಲಸ ಮಾಡು, ನಮ್ಮ ಶಬ್ದಗಳಿಗೆ ಮೊದಲೇ ಅರ್ಥ ಬರ್ದು ಕೊಡು. "ಪಡಸಾಲಿ ಅಂದ್ರ ಬಾಗಲ ದಾಟಿದ ಮ್ಯಾಲ ಬರೋ ಕೂಡೋ ಜಾಗ" ಅಂತ. ಇಲ್ಲಂದ್ರ ಅದು ವರಾಂಡಾ ಅಂತ ಹಿಡಿತದ.

ಮನಿ ಕಟ್ಟಸ್ಲಕತ್ತೀನಿ, ಹುಮನಾಬಾದ:
ಪಡಸಾಲಿ ಬಾಗಲ ದಾಟಿದ ಮ್ಯಾಲ ಅಲ್ಲ ರೀ, ಅಂಗಳ ದಾಟಿದ ಮ್ಯಾಲ. ನಮ್ಮ ಹಳೀ ಮನ್ಯಾಗ ದೊಡ್ಡ ಬಾಗಲ, ಆಮ್ಯಾಲ ಅಂಗಳ, ಆಮ್ಯಾಲ ಕಂಬದ ಪಡಸಾಲಿ.

ಸುರಪುರದ ಮೇಷ್ಟ್ರು:
ಎರಡೂ ಸರಿ. ಮನೆಯ ಅಳತೆ, ಅಂಗಳ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಊರಿಂದ ಊರಿಗೆ ಬದಲಾಗುತ್ತದೆ. ನಮ್ಮ ಹಿರಿಯರ ಮನೆಯಲ್ಲಿ ಪಡಸಾಲೆಯ ಒಂದು ತುದಿಯಲ್ಲಿ ದನ ಕಟ್ಟುತ್ತಿದ್ದರು, ಇನ್ನೊಂದು ತುದಿಯಲ್ಲಿ ನಾವು ಓದುತ್ತಿದ್ದೆವು. ನೆಲದೊಳಗೆ ಹಗೇವು, ಅದರಲ್ಲಿ ವರ್ಷದ ಜೋಳ. ಮಾಳಿಗೆಯಲ್ಲಿ ಬೆಳಕಿಂಡಿ. ಗೋಡೆ ಎಷ್ಟು ದಪ್ಪವಿತ್ತೆಂದರೆ ಅದರೊಳಗಿನ ಗೂಡಿನಲ್ಲಿ ನಾನು ಕಾಲು ಮಡಚಿ ಕೂತುಕೊಳ್ಳುತ್ತಿದ್ದೆ. ಇದನ್ನೆಲ್ಲ ಆ ಯಂತ್ರಕ್ಕೆ ಯಾರಾದರೂ ಬರೆದು ಕೊಡಬೇಕು, ತಾನಾಗಿ ಅದಕ್ಕೆ ಗೊತ್ತಾಗುವುದಿಲ್ಲ.

ಮನಿ ಕಟ್ಟಸ್ಲಕತ್ತೀನಿ, ಹುಮನಾಬಾದ:
ಮೇಷ್ಟ್ರೆ, ಜ್ವಾಳದ ಮಾತು ತೆಗೆದ್ರಿ ಅಂತ ಹೇಳ್ತೀನಿ. ನಮ್ಮ ಮನಿಗೆ ವರ್ಷಕ್ಕ ನಾಕು ಚೀಲ ಜ್ವಾಳ, ಒಂದೂವರೆ ಚೀಲ ತೊಗರಿ ಬರ್ತದ. ಬಂದ ಡಿಸೈನ್‌ಗಳೊಳಗ ಒಂದ್ರಾಗೂ ಚೀಲ ಇಡೋ ಜಾಗ ಇಲ್ಲ. ಗಾಜಿನ ಡಬ್ಬಿ ಸಾಲಾಗಿ ಇಟ್ಟದ್ದು ಮಾತ್ರ ಅದ.

ಕಟ್ಟಡ ಎಂಜಿನಿಯರ್ ಯಾದಗಿರಿ:
ಇಲ್ಲಿ ಒಂದು ಗಂಭೀರ ವಿಷಯ ಹೇಳಬೇಕು, ದಯವಿಟ್ಟು ಓದಿ. ಒಳಾಂಗಣದ ಸಲಹೆ ಕೇಳಿ, ಬೇಡ ಅನ್ನುವುದಿಲ್ಲ. ಆದರೆ "ಈ ಗೋಡೆ ತೆಗೆದರೆ ನಡೆಯುತ್ತಾ" ಅನ್ನುವ ಪ್ರಶ್ನೆಯನ್ನು ಚಾಟ್‌ಬಾಟ್‌ಗೆ ಕೇಳಬೇಡಿ. ನಮ್ಮ ಕಡೆ ಪಿಲ್ಲರ್ ಇಲ್ಲದ ಹಳೆಯ ಮನೆಗಳು ಇನ್ನೂ ಬಹಳ ಇವೆ. ಅಲ್ಲಿ ಗೋಡೆಯೇ ಭಾರ ಹೊರುತ್ತದೆ. ಫೋಟೊ ನೋಡಿ ಅದು ಪಾರ್ಟಿಷನ್ನೋ ಭಾರದ ಗೋಡೆಯೋ ಯಾರೂ ಹೇಳಲಾರರು, ನಾನೂ ಹೇಳಲಾರೆ. ಸ್ಥಳಕ್ಕೆ ಹೋಗಿ ನೋಡಬೇಕು.

ಇನ್ನೊಂದು ಎರೆ ಮಣ್ಣಿನ ಬಗ್ಗೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಪಾಯ ಆಳವಿಲ್ಲದ ಮನೆಗೆ ಬಿರುಕು ಬರುತ್ತದೆ. ಬಿರುಕಿನ ಫೋಟೊ ಹಾಕಿದವರೊಬ್ಬರಿಗೆ ಚಾಟ್‌ಬಾಟ್ ಪುಟ್ಟಿ ತುಂಬಿ ವಾಲ್‌ಪೇಪರ್ ಹಚ್ಚಲು ಹೇಳಿತ್ತು. ಮುಂದಿನ ಬೇಸಿಗೆಗೆ ವಾಲ್‌ಪೇಪರ್ ಸಮೇತ ಹರಿಯಿತು. ಬಿರುಕು ಮೂಲೆಯಿಂದ ಓರೆಯಾಗಿ ಹೋಗಿದ್ದರೆ ಮೊದಲು ಎಂಜಿನಿಯರನ್ನು ಕರೆಯಿರಿ.

ಬಡಿಗತನ ಚಿತ್ತಾಪುರ:
ಸಾಹೇಬ್ರು ಸರಿ ಹೇಳ್ಯಾರ. ನನ್ನ ಅನುಭವ ಪ್ಲೈವುಡ್‌ದು. ಒಬ್ಬ ಗಿರಾಕಿ ಚಾಟ್‌ಬಾಟ್ ಕಡಿಂದ ಕಪಾಟಿನ ಲೆಕ್ಕಾ ಹಾಕಿಸಿ ತಂದಿದ್ರು, "ಐದು ಶೀಟ್ ಸಾಕು, ನೀವು ಎಂಟು ಯಾಕ ಹೇಳ್ತೀರಿ" ಅಂತ ನನ್ನ ಮ್ಯಾಲೇ ಸಂಶಯ ಪಟ್ರು. ಅದು ಚದರ ಅಡಿ ಕೂಡಿಸಿ 32ರಿಂದ ಭಾಗ ಹಾಕಿತ್ತು. ಶೀಟ್ 8 ಅಡಿ ಬೈ 4 ಅಡಿ, 32 ಚದರ ಅಡಿ, ಖರೇ. ಆದ್ರ ಕಪಾಟಿನ ಆಳ 25 ಇಂಚು ಅಂತ ಅದೇ ಹೇಳ್ಯದ. 48 ಇಂಚಿನ ಅಗಲದಾಗ 25ರ ಪಟ್ಟಿ ಒಂದೇ ಬರ್ತದ, ಉಳಿದ 23 ಇಂಚು ಬ್ಯಾರೆ ಕೆಲಸಕ್ಕ ಹೋಗಬೇಕು. 24 ಇಂಚು ಇಟ್ರೂ ಬರಂಗಿಲ್ಲ, ಬ್ಲೇಡ್ ಮೂರು ಎಂಎಂ ತಿಂತದ. 23 ಮುಕ್ಕಾಲು ಇಡ್ರಿ, ಎರಡು ಪಟ್ಟಿ ಬರೋಬ್ಬರಿ ಬರ್ತಾವ. ಗಿರಾಕಿ ಮುಂದ ಕೂಡ್ರಿಸಿ ಚಾಕ್ ಲೆ ಶೀಟ್ ಮ್ಯಾಲ ಬರ್ದು ತೋರಿಸ್ದೆ, ಆಮ್ಯಾಲ ಒಪ್ಪಿದ್ರು.

ಆಳಂದದವ, ಸದ್ಯ ಬೆಂಗಳೂರು:
ಅಣ್ಣಾ, ಈಗ ನೀವು ಬರ್ದದ್ದೇ ಪ್ರಾಂಪ್ಟ್ ನೋಡ್ರಿ. "ಶೀಟ್ 2440 ಬೈ 1220 ಎಂಎಂ, ಬ್ಲೇಡ್ 3 ಎಂಎಂ ತಿಂತದ, ಪಟ್ಟಿ ಪಟ್ಟಿ ಲೆಕ್ಕಾ ಹಾಕು, ಚದರ ಅಡಿ ಭಾಗ ಹಾಕಬ್ಯಾಡ, ಪ್ರತಿ ಶೀಟಿನಾಗ ಯಾವ ತುಂಡು ಬರ್ತದ ಬರ್ದು ತೋರಿಸು." ಹಿಂಗ ಕೇಳಿದ್ರ ಎಲ್ಲಿ ತಪ್ಪ್ಯದ ಅಂತ ನಿಮಗ ಕಣ್ಣಿಗೆ ಕಾಣ್ತದ.

ಬಡಿಗತನ ಚಿತ್ತಾಪುರ:
ಕಂಡ್ರ ಛಲೋ. ಆದ್ರೂ ಶೀಟ್ ಕೊಯ್ಯೋಕ್ಕಿಂತ ಮೊದಲು ನಾನು ಕೈಯಿಂದ ಲೆಕ್ಕಾ ಹಾಕಾವ್ನೇ. ಕೊಯ್ದ ಮ್ಯಾಲ ಜೋಡಸ್ಲಿಕ್ಕ ಬರಂಗಿಲ್ಲಲ್ಲ. ಮತ್ತ ಬಚ್ಚಲ, ಸಿಂಕ್ ಕೆಳಗಿನ ಪೆಟ್ಟಿಗಿಗೆ 710 ನಂಬರಿನ ಪ್ಲೈ ಹಾಕ್ರಿ, 303ರಾಗ ಎಂಆರ್ ಅಂತ ಇದ್ದದ್ದು ಒಣ ಖೋಲಿಗೆ ಮಾತ್ರ. ಚಾಟ್‌ಬಾಟ್ ಎಲ್ಲಾದಕ್ಕೂ ಎಂಡಿಎಫ್ (ಕಟಗಿ ನಾರು ಒತ್ತಿ ಮಾಡಿದ ಹಲಗಿ) ಅಂತದ, ನೀರು ಕುಡಿದ್ರ ಅದು ಹಪ್ಪಳ ಉಬ್ಬಿದಂಗ ಉಬ್ತದ.

ಡಿಪ್ಲೊಮಾ ಎರಡನೇ ವರ್ಷ:
710, 303 ಅಂದ್ರ ಏನು ಕಾಕಾ?

ಬಡಿಗತನ ಚಿತ್ತಾಪುರ:
ಐಎಸ್, ಅಂದ್ರ ಭಾರತದ ಮಾನಕದ ನಂಬರ್ ಅವ್ವಾ. ಐಎಸ್ 710 ಅಂದ್ರ ಕುದಿಯೋ ನೀರು ತಡಿಯೋ ಮರೀನ್ ಪ್ಲೈ. 303 ಅಂದ್ರ ಸಾಮಾನ್ಯ ಬಳಕಿ ಪ್ಲೈ, ಅದ್ರಾಗ ಎಂಆರ್ ಅಂದ್ರ ಬರೇ ಹಸಿ ತಡಿಯೋದು. ಶೀಟಿನ ಮ್ಯಾಲೇ ಮುದ್ರಿ ಇರ್ತದ, ಅಂಗಡ್ಯಾಗ ಹೋದಾಗ ನೋಡು.

ಕೋಟಿ ಮಗ್ಗಲಿನವ, ಬೀದರ್:
ನಾ ಬೀದರಿಂದ. ನಮ್ಮ ಮನ್ಯಾಗ ಬಿದ್ರಿ ಕೆಲಸ ಮಾಡ್ತಾರ. ಬೈಠಕ್ ಖೋಲಿಗೆ ಬಿದ್ರಿ ಡಿಸೈನ್ ಹಾಕು ಅಂತ ಚಿತ್ರ ಬರಿಸ್ದೆ. ಕಪ್ಪು ತಟ್ಟಿ ಮ್ಯಾಲ ಬಂಗಾರದ ರಂಗೋಲಿ ಬಂತು. ಬಿದ್ರಿಯಾಗ ಹೆಚ್ಚಾಗಿ ಹೊಳಿಯೋದು ಬೆಳ್ಳಿ ಭಾಯಿ, ಬಂಗಾರ ಅಲ್ಲ. ಸತುವು ತಾಮ್ರ ಕೂಡಿಸಿ ಎರಕ ಹೊಯ್ತಾರ, ಕೆತ್ತಿ ಬೆಳ್ಳಿ ತಂತಿ ಕೂಡ್ರಿಸ್ತಾರ, ಆಮ್ಯಾಲ ಬೀದರ್ ಕೋಟಿಯೊಳಗಿನ ಮಣ್ಣು, ನವಸಾಗರ (ಒಂದು ಥರದ ಉಪ್ಪು) ಹಾಕಿ ಕುದಿಸಿದ ನೀರಾಗ ಎದ್ದಿದ್ರ ಸತುವು ಕಪ್ಪಾಗ್ತದ, ಬೆಳ್ಳಿ ಬೆಳ್ಳಗೇ ಉಳಿತದ. ತಂತಿ ಕೂಡ್ರಿಸಿದ್ರ ತಾರಕಶಿ, ತಗಡು ಕೂಡ್ರಿಸಿದ್ರ ತೈನಿಶಾನ. ಹಿಂಗ ಎರಡು ಸಾಲು ಬಿಡಿಸಿ ಬರ್ದ ಮ್ಯಾಲ ಚಿತ್ರ ಸುಮಾರು ಸರಿ ಬಂತು. ಪೂರಾ ಅಲ್ಲ.

ಆದ್ರ ಅದೇ ಚಾಟ್‌ಬಾಟ್ ಬಾತ್‌ರೂಮ್ ನಲ್ಲಿಗೆ, ಸಿಂಕಿನ ಹಿಡಿಕಿಗೆ ಬಿದ್ರಿ ಹಾಕ್ರಿ ಅಂತ ಹೇಳ್ತು. ಇದು ನಮಗ ಭಾಳ ನೋವಿನ ಮಾತು. ಸಾಬೂನು, ಹುಳಿ, ತಿಕ್ಕೋ ಪುಡಿ ಬಿತ್ತಂದ್ರ ಆ ಕಪ್ಪು ಹೋಗ್ತದ. ಯಾರರೆ ಹಂಗ ಮಾಡಿಸಿದ್ರ ಆರು ತಿಂಗಳಿಗೆ "ಬಿದ್ರಿ ಮಾಲೇ ಖರಾಬ್" ಅಂತ ಕಾರೀಗರ್‌ಗೇ ಅಂತಾರ. ಬಿದ್ರಿಯನ್ನ ಹಾಲ್ ಬಾಗಲದ ಹಿಡಿಕಿ, ಗೋಡಿ ಪಟ್ಟಿ, ಟೀಪಾಯಿ ನಡುವಿನ ತುಂಡು ಇಂಥಾದಕ್ಕ ಬಳಸ್ರಿ. ಒಂದು ಸಲ ಬೀದರ್ ಕೋಟಿಯೊಳಗಿನ ರಂಗೀನ್ ಮಹಲ್‌ನಾಗ ಹೋಗಿ ಕರೀ ಕಲ್ಲಿನಾಗ ಮುತ್ತಿನ ಚಿಪ್ಪು ಕೂಡ್ರಿಸಿದ್ದು ನೋಡ್ರಿ, ಕಟಗಿ ಕಂಬದ ಕೆತ್ತನಿ ನೋಡ್ರಿ. ಫೋಟೊ ತಗೊಂಡು ಅದನ್ನ ಚಾಟ್‌ಬಾಟ್‌ಗೆ ಕೊಟ್ಟು ಮಾತಾಡ್ರಿ.

ಸುರಪುರದ ಮೇಷ್ಟ್ರು:
ನನ್ನ ಅನುಭವವೂ ಇದೇ. ಸುರಪುರದ ಚಿಕಣಿ ಚಿತ್ರಕಲೆಯ ಶೈಲಿಯಲ್ಲಿ ಗೋಡೆಗೆ ಚಿತ್ರ ಬೇಕೆಂದು ಕೇಳಿದರೆ ಮೈಸೂರು ಶೈಲಿಯಂಥದ್ದು ಬಂತು. ಅದಕ್ಕಿಂತ ನಮ್ಮ ಊರಿನಲ್ಲೇ ಕುಂಚ ಹಿಡಿದವರಿಗೆ ಆ ಕೆಲಸ ಕೊಡುವುದು ಮೇಲು.

ಕಟ್ಟಡ ಎಂಜಿನಿಯರ್ ಯಾದಗಿರಿ:
ಮೇಷ್ಟ್ರೆ, ಅವರೂ ಈಗ ಸ್ಕ್ರೀನ್ ಪ್ರಿಂಟ್ ಮಾಡುತ್ತಾರಂತಲ್ಲ?

ಸುರಪುರದ ಮೇಷ್ಟ್ರು:
ಕೆಲವರು ಹೊಟ್ಟೆಪಾಡಿಗೆ ಮಾಡಬಹುದು. ಎಲ್ಲರನ್ನೂ ಹಾಗೆ ಅನ್ನಬೇಡಿ.

ವೇದಿಕೆ ನಿರ್ವಾಹಕ:
ಚಿತ್ರಕಲೆಗೆ ಬ್ಯಾರೆ ಎಳೆ ತೆಗಿರಿ, ಇಲ್ಲಿ ಪ್ರಾಂಪ್ಟ್ ವಿಷಯಕ್ಕ ಬರ್ರಿ.

ಮನಿ ಕಟ್ಟಸ್ಲಕತ್ತೀನಿ, ಹುಮನಾಬಾದ:
ನಾನು ಗಿರಾಕಿ ಕಡಿಂದ ಮಾತಾಡ್ತೀನಿ. ಇಲ್ಲಿ ಎಲ್ಲರೂ "ಗಿರಾಕಿ ಫೋನ್ ತಂದು ತೋರಿಸ್ತಾರ" ಅಂತ ಬೇಜಾರ ಮಾಡ್ಕೊಂಡೀರಿ. ನಮಗ ಮನಸಿನಾಗ ಇದ್ದದ್ದು ಹೇಳ್ಲಿಕ್ಕ ನಿಮ್ಮ ಭಾಷಾ ಬರಂಗಿಲ್ಲ. ಹೋದ ಸಲ ಇಟ್ಟ ಡಿಸೈನರ್‌ಗೆ "ಸ್ವಲ್ಪ ಬೆಚ್ಚಗಿನ ಬಣ್ಣ" ಅಂದೆ, ಅವ್ರು ಕಿತ್ತಳಿ ಬಣ್ಣ ಹೊಡಿಸಿದ್ರು. ಎರಡು ವರ್ಷದಿಂದ ಆ ಗೋಡಿ ನೋಡ್ಲಕತ್ತೀನಿ. ಈಗ ಚಿತ್ರ ತಂದು ಇದು ಬೇಕು, ಇದು ಬ್ಯಾಡ ಅಂತ ತೋರಿಸ್ಲಿಕ್ಕರೆ ಬರ್ತದ. ಅದಕ್ಕ ಯಾಕ ಸಿಟ್ಟು?

ಸೇಡಂ ರೋಡ್ ಸ್ಟುಡಿಯೊ:
ಸಿಟ್ಟಿಲ್ಲ ಅಣ್ಣಾವ್ರೆ, ನೀವು ಹೇಳಿದ್ದು ಖರೇ ಅದ. ನನಗ ಕಷ್ಟ ಆಗೋದು ಎರಡೇ ಮಾತಿಗೆ. ಒಂದು, ಚಿತ್ರದಾಗ ಇಲ್ಲದ ಕಿಟಕಿ ಇರ್ತಾವ. ನಿಮ್ಮ ಹಾಲ್ ಫೋಟೊ ಕೊಟ್ಟು "ಸೋಫಾ ಬದಲು ಮಾಡು" ಅಂದ್ರ ಸೋಫಾ ಜತಿಗೆ ಕಿಟಕಿನೂ ದೊಡ್ಡದು ಮಾಡ್ತದ, ಛತ್ತೂ ಏರಸ್ತದ. ಅದನ್ನ ನೋಡಿದ ಗಿರಾಕಿಗೆ ನನ್ನ ಕೆಲಸ ಮುಗದ ಮ್ಯಾಲ ಖೋಲಿ ಸಣ್ಣದು ಅನಸ್ತದ. ಎರಡು, ರೊಕ್ಕದ ಮಾತು. ಚಿತ್ರದಾಗ ಇರೋದಕ್ಕ ಎಂಟು ಲಕ್ಷ ಆಗ್ತದ, ಮನ್ಯಾಗ ಇರೋದು ಮೂರು. ಅದಕ್ಕ ಚಿತ್ರ ತರ್ರಿ, ಜತಿಗೆ ಬಜೆಟ್ಟೂ ಹೇಳ್ರಿ.

ಮನಿ ಕಟ್ಟಸ್ಲಕತ್ತೀನಿ, ಹುಮನಾಬಾದ:
ಹಂಗಾದ್ರ ಒಪ್ಪಿದೆ.

ಡಿಪ್ಲೊಮಾ ಎರಡನೇ ವರ್ಷ:
ನಮ್ಮ ಕ್ಲಾಸಿನಾಗ ಒಬ್ಬಾಕಿ ಗಿರಾಕಿ ಮನಿ ಫೋಟೊ ಹಾಂಗೇ ಅಪ್‌ಲೋಡ್ ಮಾಡ್ತಾಳ. ಅದ್ರಾಗ ಸಣ್ಣ ಮಕ್ಕಳು ಇರ್ತಾರ, ದೇವರ ಖೋಲಿ ಬೆಳ್ಳಿ ಸಾಮಾನು ಇರ್ತಾವ, ತಿಜೋರಿ ಕಾಣ್ತದ. ಇದು ಸರಿ ಏನು?

ಆಳಂದದವ, ಸದ್ಯ ಬೆಂಗಳೂರು:
ಸರಿ ಅಲ್ಲ ತಂಗಿ, ನೀ ಕೇಳಿದ್ದು ಭಾಳ ಛಲೋ ಆಯ್ತು. ಮಂದಿ, ತಿಜೋರಿ, ಮನಿ ನಂಬರ್ ಕಾಣೋ ಫೋಟೊ ಹಾಕಬಾರದು. ಖಾಲಿ ಖೋಲಿ ಫೋಟೊ ಸಾಕು, ಅಥವಾ ಹಾಳಿ ಮ್ಯಾಲ ನಕ್ಷಾ ತೆಗದು ಅದರ ಫೋಟೊ. ಗಿರಾಕಿಗೆ ಮೊದಲೇ ಹೇಳಿ ಒಪ್ಪಿಗಿ ತಗೋ. ನಕ್ಷಾದ ಮ್ಯಾಲ ಹೆಸರು, ಸರ್ವೆ ನಂಬರ್ ಇದ್ರ ಅಳಸು.

ಫರ್ಸಿ ಅಂಗಡಿ ಶಹಾಬಾದ:
ಯಾರೂ ಕೂಲರ್ ಮಾತೇ ತೆಗಿಲಿಲ್ಲ!

ಸೇಡಂ ರೋಡ್ ಸ್ಟುಡಿಯೊ:
ಹೌದು ರೀ, ಅದು ಬಿಟ್ಟೇ ಹೋಗಿತ್ತು. ನಮ್ಮ ಕಡಿ ಭಾಳ ಮನಿಗೆ ಏಸಿ ಇಲ್ಲ, ಕೂಲರ್ ಅದ. ಚಾಟ್‌ಬಾಟ್ ಮಾತ್ರ ಎಲ್ಲಾ ಖೋಲಿನೂ ಬಿಗಿಯಾಗಿ ಮುಚ್ಚಿ ಡಿಸೈನ್ ಕೊಡ್ತದ. ಕೂಲರ್ ಖೋಲಿ ಮುಚ್ಚಿದ್ರ ಹಸಿ ಗಾಳಿ ಹೊರಗ ಹೋಗಂಗಿಲ್ಲ, ತಂಪಾಗೋದು ಬಿಟ್ಟು ಮೈ ಅಂಟಂಟು ಆಗ್ತದ. ಹಾಸಿಗಿ, ಪಿಒಪಿ, ಲ್ಯಾಮಿನೇಟ್ ಅಂಚು ಎಲ್ಲಾ ಹಸಿ ಹಿಡಿತಾವ. ಕೂಲರ್ ಇರೋ ಕಿಟಕಿ ಎದುರಿನ ಗೋಡಿಗೆ ಗಾಳಿ ಹೋಗೋ ಕಿಂಡಿ ಬೇಕು. ನಾನು ಒಂದು ಮನ್ಯಾಗ ಇದನ್ನ ಮರ್ತು ಕೂಲರ್ ಮುಂದೇ ಎಂಡಿಎಫ್ ಟಿವಿ ಯೂನಿಟ್ ಹಾಕಿಸಿದ್ದೆ. ಎರಡನೇ ಬ್ಯಾಸಗಿಗೆ ಅಂಚು ಬಿಚ್ಚಿತು. ನನ್ನ ಖರ್ಚಿನಾಗೇ ಬದಲು ಮಾಡಿಕೊಟ್ಟೀನಿ.

ಫರ್ಸಿ ಅಂಗಡಿ ಶಹಾಬಾದ:
ಬೋರ್ ನೀರಿನ ಮಾತೂ ಸೇರಸ್ರಿ. ಕರೀ ನಲ್ಲಿ, ಕರೀ ಗ್ರಾನೈಟ್ ಮ್ಯಾಲ ತಿಂಗಳೊಳಗ ಬಿಳಿ ಕಲಿ ಕೂಡ್ತದ.

ಬಡಿಗತನ ಚಿತ್ತಾಪುರ:
ಫಾಲ್ಸ್ ಸೀಲಿಂಗೂ. ಛತ್ತು 10 ಅಡಿ ಇದ್ದದ್ದು ಒಂಬತ್ತಕ್ಕ ಬಂದ್ರ ಫ್ಯಾನೂ ಅಷ್ಟು ಕೆಳಗ ಬರ್ತದ. ಬರೇ ಅಂಚಿಗೆ ಪಟ್ಟಿ ಮಾಡ್ರಿ, ನಡುವ ಬಿಡ್ರಿ.

ಸೇಡಂ ರೋಡ್ ಸ್ಟುಡಿಯೊ:
ನಾಕು ದಿನ ಆಯ್ತು, ಏನಾಯ್ತು ಅಂತ ಹೇಳಬೇಕು. ನಿಮ್ಮೆಲ್ಲರ ಮಾತು ಕೂಡಿಸಿ ಒಂದೂವರೆ ಪುಟದ "ಮನಿ ಮಾಹಿತಿ" ಬರ್ದು ಇಟ್ಕೊಂಡೀನಿ. ಮಾತುಕತಿ ಉದ್ದ ಆದಂಗ ಚಾಟ್‌ಬಾಟ್ ಮೊದಲಿನ ಅಳತಿ ಮರಿತದ, ಅದಕ್ಕ ಪ್ರತಿ ಸಲ ಹೊಸದಾಗಿ ಶುರು ಮಾಡಿ ಇದನ್ನೇ ಮೊದಲು ಹಾಕ್ತೀನಿ. ಅದ್ರಾಗಿನ ಅಡಿಗಿ ಮನಿ ಭಾಗ ಇಷ್ಟು:

"ಅಡಿಗಿ ಮನಿ 10 ಅಡಿ ಬೈ 8 ಅಡಿ. ದಿನಾ ಮೂವತ್ತು ಜ್ವಾಳದ ರೊಟ್ಟಿ ಆಗ್ತಾವ. ರೊಟ್ಟಿ ಲಟ್ಟಿಸಂಗಿಲ್ಲ, ಕೈಯಿಂದ ಬಡಿತಾರ, ಭಾರ ಬೀಳ್ತದ, ಹಿಟ್ಟು ಹಾರ್ತದ. ಬಡಿಯೋ ಜಾಗ ಒಲಿ ಬಲಕ್ಕ ಇರಬೇಕು, ಕಲ್ಲಿಂದು, ಬಾಕಿ ಕಟ್ಟಿಗಿಂತ ತಗ್ಗಿರಬೇಕು. ಅಡಿಗಿ ಮಾಡೋರು ಇಬ್ಬರು, ಅವರ ಮೊಣಕೈ ಎತ್ತರ ಕೆಳಗ ಬರ್ದೀನಿ. ನಾಕು ಚೀಲ ಜ್ವಾಳಕ್ಕ ಗಾಳಿ ಆಡೋ ಒಣ ಜಾಗ ಬೇಕು. ಮೂರು ಬ್ಯಾರೆ ಬ್ಯಾರೆ ಜೋಡಣಿ ಹೇಳು. ಪ್ರತಿಯೊಂದಕ್ಕೂ ತೊಂದರಿ ಏನು ಅಂತ ಬರಿ. ನಿನಗ ಅಂದಾಜು ಇರೋದನ್ನ ಅಂದಾಜು ಅಂತ ಗುರುತು ಹಾಕು."

ಮೂರರಾಗ ಎರಡು ಬರೋಬ್ಬರಿ ಇರ್ಲಿಲ್ಲ, ಒಂದ್ರಾಗ ಜ್ವಾಳದ ಚೀಲ ಸಿಂಕ್ ಕೆಳಗ ಇಟ್ಟಿತ್ತು. ಮೂರನೇದ್ರಾಗ ಚೀಲಗಳನ್ನ ಹಿತ್ತಲ ಬಾಗಲ ಮಗ್ಗಲಿಗೆ ಹಲಗಿ ಮ್ಯಾಲ ಎತ್ತಿ ಇಡ್ರಿ, ಕೆಳಗ ಜಾಲಿ ಬಿಡ್ರಿ ಅಂತ ಬಂತು. ಅದು ನನಗ ಹೊಳೆದಿರ್ಲಿಲ್ಲ, ತಗೊಂಡೀನಿ. ಟೇಪ್ ತಗೊಂಡು ಹೋಗಿ ಅಜ್ಜಿ ಮೊಣಕೈ ಅಳದೆ, 36 ಇಂಚು ಬಂತು. ಸೊಸಿದು 38. ಬಾಕಿ ಕಟ್ಟಿ 33ಕ್ಕ ಇಟ್ಟು, ಬಡಿಯೋ ಕಟ್ಟಿ 29ಕ್ಕ ಇಳಿಸಿದ್ವಿ. ಅಲ್ಲೇ ಇಟ್ಟಂಗಿ ಜೋಡಿಸಿ, ಮ್ಯಾಲ ಹಳೀ ಫರ್ಸಿ ಇಟ್ಟು ಅಜ್ಜಿ ಕೈಲೆ ಎರಡು ರೊಟ್ಟಿ ಬಡಿಸಿ ನೋಡ್ದೆ. "ಇನ್ನೊಂದು ಬೆರಳು ತಗ್ಗಸು" ಅಂದ್ರು. ಅದನ್ನ ಯಾವ ಪ್ರಾಂಪ್ಟೂ ಹೇಳಿರ್ಲಿಲ್ಲ.

ಫರ್ಸಿ ಅಂಗಡಿಯವ್ರೆ, ಬಡಿಯೋ ಕಟ್ಟಿಗೆ ಎರಡೂವರೆ ಅಡಿ ಬೈ ಎರಡು ಅಡಿ ತುಂಡು ಬೇಕು. ಎಷ್ಟು ದಪ್ಪ ತಗೊಳ್ಳಿ?

ಫರ್ಸಿ ಅಂಗಡಿ ಶಹಾಬಾದ:
ಒಂದೂವರೆ ಇಂಚಿಗಿಂತ ಕಡಿಮಿ ಬ್ಯಾಡ ಅಕ್ಕಾ, ದಿನಾ ಬಡಿತ ಅದ. ಕೆಳಗ ಪೂರಾ ಗಾರಿ ಕೂಡ್ರಿಸ್ರಿ, ಟೊಳ್ಳು ಬಿಟ್ರ ಸೀಳ್ತದ. ಅಂಚು ಗುಂಡಗ ಮಾಡಿಸ್ರಿ. ಹುಣಸಿ, ನಿಂಬಿಹಣ್ಣು ಆ ಕಲ್ಲಿನ ಮ್ಯಾಲ ಕೊಯ್ಯಬ್ಯಾಡ್ರಿ ಅಂತ ಅಜ್ಜಿಗೆ ಈಗೇ ಹೇಳಿ ಬಿಡ್ರಿ.